ಮುಚ್ಚಿಟ್ಟ ಪತ್ರ, ಬಿದ್ದುಹೋದ ಡಿಕ್ರಿ

ಜಮೀನಿನ ವ್ಯಾಜ್ಯದಲ್ಲಿ ಡಿಕ್ರಿ ಆಯಿತೆಂದರೆ ಎಲ್ಲವೂ ಮುಗಿಯಿತೆಂದೇ ಜನರ ನಂಬಿಕೆ. ಆ ಡಿಕ್ರಿಯನ್ನೇ ಮೋಸದಿಂದ ಪಡೆದಿದ್ದರೆ?

ಮದರಾಸು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ಚೆಂಗಲ್ವರಾಯ ನಾಯ್ಡು ಪ್ರಕರಣವನ್ನೇ ನೋಡಿ. ಸಾಹುಕಾರನೊಬ್ಬನ ಗುಮಾಸ್ತ, ಧಣಿಯ ಪರವಾಗಿ ಕೋರ್ಟು ಹರಾಜಿನಲ್ಲಿ ಆಸ್ತಿ ಕೊಂಡ. 1945ರಲ್ಲಿ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿ ಧಣಿಗೇ ಬಿಟ್ಟುಕೊಟ್ಟ. ಆಸ್ತಿಯ ಮೂಲ ವಾರಸುದಾರರು ಧಣಿಯ ಬಾಕಿಯನ್ನು ತೀರಿಸಿಯೂಬಿಟ್ಟರು. ಇಷ್ಟಾದರೂ ಗುಮಾಸ್ತ ಆ ಪತ್ರದ ಸುದ್ದಿಯನ್ನೇ ಎತ್ತದೆ, ಹರಾಜಿನಲ್ಲಿ ಕೊಂಡವನು ತಾನೆಂದು ವಿಭಾಗದ ದಾವೆ ಹೂಡಿ ಪ್ರಾಥಮಿಕ ಡಿಕ್ರಿ ಪಡೆದ! ಅಂತಿಮ ಡಿಕ್ರಿಯ ಹೊತ್ತಿಗೆ ಪತ್ರ ಹೊರಬಿತ್ತು.

ಕೆಳಗಿನ ಕೋರ್ಟು ಇದು ಮೋಸವೆಂದಿತು. ಹೈಕೋರ್ಟು ಮಾತ್ರ, ನಿಜ ಹೇಳುವ ಹೊಣೆ ವಾದಿಗಿಲ್ಲ, ನೋಂದಣಿಯಾದ ಪತ್ರವನ್ನು ಪ್ರತಿವಾದಿಗಳೇ ತರಬಹುದಿತ್ತು ಎಂದಿತು. ವಿಚಿತ್ರ ವಾದವೇ ಸರಿ. 1993ರಲ್ಲಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅದನ್ನು ತಳ್ಳಿಹಾಕಿದರು: ಮುಖ್ಯ ದಾಖಲೆ ಮುಚ್ಚಿಟ್ಟು ಪಡೆದ ಡಿಕ್ರಿ ಶೂನ್ಯ, ಯಾವ ಕೋರ್ಟಿನಲ್ಲಾದರೂ ಪ್ರಶ್ನಿಸಬಹುದು.

1872ರ ಸಾಕ್ಷ್ಯ ಕಾಯಿದೆಯ 44ನೇ ಕಲಮಿನಲ್ಲಿದ್ದ ಈ ದಾರಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಆದರೆ ಮೋಸವೆಂದು ಬರಿದೇ ಕೂಗಿದರೆ ಸಾಲದು. ಏನು, ಯಾವಾಗ ಎಂಬ ವಿವರಗಳನ್ನು ಅರ್ಜಿಯಲ್ಲೇ ಬರೆಯಬೇಕು. ಮೋಸ ತಿಳಿದ, ಇಲ್ಲವೇ ಎಚ್ಚರದಿಂದಿದ್ದರೆ ತಿಳಿಯಬಹುದಾಗಿದ್ದ ದಿನದಿಂದ ಕಾಲಮಿತಿಯ ಲೆಕ್ಕ ಶುರು.