ತುಂಗಭದ್ರೆಯ ಆಚೆ ದಡದ ಎರಡನೆಯ ಸೆರೆಮನೆ

ಸೆಪ್ಟೆಂಬರ್ 17 ಬಂತೆಂದರೆ ಕಲ್ಯಾಣ ಕರ್ನಾಟಕದಲ್ಲಿ ಧ್ವಜ ಏರುತ್ತದೆ, ನಿಜಾಮನ ಜೈಲು ಕಂಡವರ ನೆನಪಿಗೆ ಪುರವಣಿಗಳು ಹೊರಡುತ್ತವೆ. ನೆನೆಯಬೇಕಾದವರೇ ಅವರು. ಆದರೆ 1948ರ ಆ ಸಂಜೆ ನಿಜಾಮ ಶರಣಾದ ಮೇಲೆ 1949ರ ಕೊನೆಯವರೆಗೆ ಹೈದರಾಬಾದ್ ಸಂಸ್ಥಾನವನ್ನು ಆಳಿದ್ದು ಮಿಲಿಟರಿ ಗವರ್ನರ್ ಮೇಜರ್ ಜನರಲ್ ಜೆ.ಎನ್. ಚೌಧುರಿ. ಆಗ ಸೆರೆಯಾದ ನಾಗರಿಕರ ಬಗ್ಗೆ ಕನ್ನಡದಲ್ಲಿ ಬಂದ ಬರಹ ತೀರಾ ಕಡಿಮೆ. ಹೊಸಪೇಟೆ, ಹಂಪಿ, ಕಂಪ್ಲಿಗಳಿದ್ದ ಬಳ್ಳಾರಿ ಜಿಲ್ಲೆ ಅಂದು ಮದರಾಸು ಪ್ರಾಂತ್ಯದ್ದು; ತುಂಗಭದ್ರೆ ದಾಟಿದರೆ ಆನೆಗೊಂದಿ, ಗಂಗಾವತಿ, ಅಂದರೆ ನಿಜಾಮನ ರಾಯಚೂರು ಜಿಲ್ಲೆ. ಈಚೆಯ ಸಂಡೂರು ಸಂಸ್ಥಾನ 1949ರಲ್ಲಿ ಒಂದು ಸಹಿಯಿಂದ ಮದರಾಸಿಗೆ ಸೇರಿತು; ಆಚೆಗೆ ‘ಪೊಲೀಸ್ ಕಾರ್ಯಾಚರಣೆ’ಯ ಹೆಸರಿನಲ್ಲಿ ಭಾರತದ ಸೈನ್ಯ ಬರಬೇಕಾಯಿತು. ಈ ವ್ಯತ್ಯಾಸವನ್ನು ನಮ್ಮ ಚರಿತ್ರೆಕಾರರು ಹೇಳುತ್ತಾರೆ, ಅದರ ಪರಿಣಾಮವಾದ ಮಿಲಿಟರಿ ಆಳ್ವಿಕೆ, ಬಂಧನಗಳನ್ನು ಹೇಳುವುದಿಲ್ಲ.

ಹೈದರಾಬಾದಿನ ವಿಲೀನದ ಬಗ್ಗೆ ಮೊದಲ ಘಟ್ಟದ ಬರಹ ಬಹುಪಾಲು ಪಾತ್ರಧಾರಿಗಳದು. ಹೈದರಾಬಾದಿನಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿದ್ದ ಕೆ.ಎಂ. ಮುನ್ಷಿ 1957ರಲ್ಲಿ, ನಿಜಾಮನ ಪ್ರಧಾನಿ ಲಾಯಕ್ ಅಲಿ 1962ರಲ್ಲಿ, ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರು 1967ರಲ್ಲಿ ತಂತಮ್ಮ ಪಕ್ಷ ಮಂಡಿಸಿದರು. ಮೂವರಲ್ಲಿ ತೀರ್ಥರದೇ ಹೆಚ್ಚು ನೇರ. ಹೊರಗಿನವರಾದ ವಿಲ್‌ಫ್ರೆಡ್ ಕಾಂಟ್‌ವೆಲ್ ಸ್ಮಿತ್ 1950ರಲ್ಲೇ ಹೈದರಾಬಾದಿನ ಮುಸ್ಲಿಮರ ದುರಂತವನ್ನು ಬರೆದರು. ನಮ್ಮಲ್ಲಿ ಅದನ್ನು ಓದಿದವರು ವಿರಳ.

ನಿಜವಾದ ಕೆಲಸ ಮಾಡಿದ್ದು ನಮ್ಮ ತಲೆಮಾರಿನ ಸ್ಥಳೀಯ ಚರಿತ್ರೆಯ ಪಂಥ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಈ ಸೀಮೆಯ ಚರಿತ್ರೆಗೆ ಹಳ್ಳಿಯ ಮಾತು ಆಕರವಾಗುವ ವಾತಾವರಣ ಬೆಳೆಯಿತು. ನಿಜಾಮನ ವಿರುದ್ಧ ಹೋರಾಡಿದವರ ಮುಂಡರಗಿ, ಗಜೇಂದ್ರಗಡದ ಗಡಿ ಶಿಬಿರಗಳು, ಅಳವಂಡಿ ಶಿವಮೂರ್ತಿಸ್ವಾಮಿಗಳ ನಾಯಕತ್ವ, ನಿಜಾಮನ ಪರದ ಖಾಸಗಿ ಪಡೆಯಾದ ರಜಾಕಾರರ ಹಾವಳಿಗೆ ಹೊಳೆ ದಾಟಿ ಬಂದ ಕುಟುಂಬಗಳು ಚರಿತ್ರೆಯ ಒಳಗೆ ಬಂದವು. ದಿಲ್ಲಿ, ಹೈದರಾಬಾದುಗಳ ಕೋಣೆಗಳಲ್ಲಿ ನಡೆಯುತ್ತಿದ್ದ ಕಥೆ ಊರಿಗೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಈ ನೆನಪುಗಳಿಗೆ ಆಕಾರ ಕೊಟ್ಟದ್ದರಲ್ಲಿ 1972ರ ಸ್ವಾತಂತ್ರ್ಯಯೋಧರ ಪಿಂಚಣಿಯ ಪಾಲೂ ಉಂಟು. ಜೈಲುವಾಸದ ದಾಖಲೆ, ಸಹಕೈದಿಯ ಪ್ರಮಾಣಪತ್ರ, ಮುಂದೆ ಶಿಬಿರವಾಸದ ಸಾಕ್ಷಿ, ಹೀಗೆ ಕಚೇರಿ ಕೇಳಿದ್ದನ್ನು ಜನ ನೆನಪಿಟ್ಟರು, ಕಾಗದ ಮಾಡಿಸಿದರು. 1948ರ ನಂತರ ಒಳಗೆ ಹೋದವನನ್ನು ಯಾವ ಕಚೇರಿಯೂ ಏನೂ ಕೇಳಲಿಲ್ಲ. ನಮ್ಮ ಕ್ಷೇತ್ರಕಾರ್ಯವೂ ಪಿಂಚಣಿ ಅರ್ಜಿದಾರರ ಪಟ್ಟಿ ಹಿಡಿದೇ ಹೊರಟಿತು.

ಆ ಬಿಟ್ಟ ಜಾಗಕ್ಕೆ ಈಚೆಗೆ ಇಂಗ್ಲಿಷಿನಲ್ಲಿ ಬರೆಯುವವರು ಬಂದಿದ್ದಾರೆ. ಟೇಲರ್ ಶೆರ್ಮನ್, ಸುನಿಲ್ ಪುರುಷೋತ್ತಮ್, ಅಫ್ಸರ್ ಮೊಹಮ್ಮದ್ ಪೊಲೀಸ್ ಕಾರ್ಯಾಚರಣೆಯ ನಂತರದ ಹಿಂಸೆ, ಬಂಧನಗಳನ್ನು ಹಿಡಿದರು. ಆ ಹಿಂಸೆಯನ್ನು ಕಂಡುಬರಲು ಭಾರತ ಸರ್ಕಾರ ಕಳಿಸಿದ್ದ ಸುಂದರಲಾಲ್ ಸಮಿತಿಯ ವರದಿ ದಶಕಗಳ ಮೇಲೆ ಎ.ಜಿ. ನೂರಾನಿಯವರ 2013ರ ಪುಸ್ತಕದ ಮೂಲಕ ಎಲ್ಲರ ಕೈಗೆ ಸಿಕ್ಕಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದರಲ್ಲಿ ಬೀದರ, ಗುಲಬರ್ಗ ಎರಡು ನಮ್ಮವು. ಮಿಲಿಟರಿ ಗವರ್ನರ್ ನೇಮಿಸಿದ ವಿಶೇಷ ನ್ಯಾಯಮಂಡಳಿಗಳು ರಜಾಕಾರರನ್ನಷ್ಟೇ ವಿಚಾರಿಸಲಿಲ್ಲ. ತೆಲಂಗಾಣದ ಕಮ್ಯುನಿಸ್ಟರಿಗೆ 1949ರಲ್ಲಿ ಮರಣದಂಡನೆ ವಿಧಿಸಿದವು. ವಕೀಲರ ನೆರವಿಲ್ಲದೆ ವಿಚಾರಣೆ ನಡೆಯಿತೆಂಬ ದೂರು ಜನಾರ್ದನ ರೆಡ್ಡಿ ಪ್ರಕರಣವಾಗಿ ಸುಪ್ರೀಂ ಕೋರ್ಟಿಗೆ ಹೋಗಿ 1951ರಲ್ಲಿ ವಜಾ ಆಯಿತು. ಸಂವಿಧಾನದ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ, ಚರಿತ್ರೆಯ ವಿದ್ಯಾರ್ಥಿಗಳು ಓದುವುದಿಲ್ಲ.

ಬಂಧಿತರು ಕೊಲೆಗಡುಕರೇ ಅಲ್ಲವೇ ಎಂಬ ಆಕ್ಷೇಪವಿದೆ. ಕೊಲೆಗಡುಕರಿದ್ದರು. ರಜಾಕಾರರ ನಾಯಕ ಕಾಸಿಂ ರಜ್ವಿಗೆ ಶಿಕ್ಷೆಯಾಯಿತು, ಆಗಬೇಕಾದ್ದೇ. ಆದರೆ ಮೊಕದ್ದಮೆಯೇ ಇಲ್ಲದೆ ಒಳಗಿದ್ದು ಹೊರಬಂದವರೂ ಇದ್ದರು. ಇಬ್ಬರನ್ನೂ ಬೇರ್ಪಡಿಸದ ಚರಿತ್ರೆ ಅಪರಾಧಿಗೇ ಉಪಕಾರ ಮಾಡುತ್ತದೆ. ಈ ಸೆರೆಗಳ ಬಗ್ಗೆ ಬರೆದರೆ ವಿಮೋಚನೆಯ ಹೋರಾಟ ಹಗುರಾಗುತ್ತದೆಂಬ ಇನ್ನೊಂದು ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ವಿಚಾರಣೆಯಿಲ್ಲದ ಸೆರೆ ಅನ್ಯಾಯವೆಂದೇ ಅಲ್ಲವೇ ನಿಜಾಮನ ಜೈಲು ಕಂಡ ಸತ್ಯಾಗ್ರಹಿಗಳು ಎದ್ದದ್ದು? ಅವರ ಅಳತೆಗೋಲನ್ನು 1948ಕ್ಕೆ ನಿಲ್ಲಿಸಿದರೆ ಅವರಿಗೇ ಅವಮಾನ.

ಈ ಬಂಧಿತರ ಚರಿತ್ರೆ ಬರೆಯಲು ಇನ್ನು ಅಡ್ಡಿ ಉಳಿದಿರುವುದು ಒಂದೇ. ನಿಜಾಮನ ಕಾಲದಿಂದ ಬಂದ ಆಡಳಿತದ ಕಡತಗಳು ಹೆಚ್ಚಾಗಿ ಉರ್ದುವಿನಲ್ಲಿವೆ. ಅದನ್ನು ಓದಬಲ್ಲ ಕನ್ನಡ ಸಂಶೋಧಕರು ಕೆಲವೇ ಮಂದಿ. ಹಳಗನ್ನಡ ಶಾಸನ ಓದಲು ತರಬೇತಿ ಕೊಡುವ ಸಂಸ್ಥೆಗಳು 1948-49ರ ಬಂಧನದ ಆದೇಶ ಓದಲೂ ಕಲಿಸಬೇಕು. ಅಷ್ಟಾಗುವವರೆಗೆ ಕಲ್ಯಾಣ ಕರ್ನಾಟಕದ ಚರಿತ್ರೆ ಎಂದು ನಾವು ಕರೆಯುತ್ತಿರುವುದು ಅದರ ಮೊದಲ ಸಂಪುಟ ಮಾತ್ರ.