ಚೀಲದ ವಿದ್ಯೆ, ಪೆಟ್ಟಿಗೆಯ ಶಾಸ್ತ್ರ: ಆಹಾರ ಸರಕು ಪೇರಿಸುವ ಕ್ರಮ ಬೆಳೆದ ಬಗೆ

ಅಮೆರಿಕದ ಜಾರ್ಜಿಯ ರಾಜ್ಯದಲ್ಲಿ, ಅಟ್ಲಾಂಟಾದ ಈಶಾನ್ಯಕ್ಕಿರುವ ಲಾರೆನ್ಸ್‌ವಿಲ್ ಗ್ವಿನೆಟ್ ಕೌಂಟಿಯ ಆಡಳಿತ ಕೇಂದ್ರ. 85ನೇ ಅಂತರರಾಜ್ಯ ಹೆದ್ದಾರಿ, 316ನೇ ರಾಜ್ಯ ಹೆದ್ದಾರಿ ಎರಡೂ ಕೌಂಟಿಯೊಳಗೇ ಹಾದುಹೋಗುವುದರಿಂದ ಈ ಸುತ್ತಿನಲ್ಲಿ ಗೋದಾಮುಗಳಿಗೆ ಕೊರತೆಯಿಲ್ಲ. ಸವಾನಾ ಬಂದರಿನಲ್ಲಿ ಇಳಿದ ನಮ್ಮ ಬೇಳೆ, ರವೆ, ಉಪ್ಪಿನಕಾಯಿ, ಗೇರುಬೀಜ ಇಲ್ಲಿಗೆ ಬರಬೇಕಾದರೆ ಇನ್ನೂ 250 ಮೈಲಿಗೂ ಹೆಚ್ಚು ದೂರ ರಸ್ತೆಯಲ್ಲಿ ಸಾಗಬೇಕು. ಅಂಗಡಿಯಲ್ಲಿ ಮೂಲೆ ನಜ್ಜಾದ ಪೊಟ್ಟಣವೋ ಎಣ್ಣೆ ಒಸರಿದ ಬಾಟಲಿಯೋ ಕಣ್ಣಿಗೆ ಬಿದ್ದರೆ ಗಿರಾಕಿ ಹಡಗನ್ನು ದೂರುತ್ತಾನೆ, ಅಂಗಡಿಯವನು ಲಾರಿಯನ್ನು. ಬಹಳ ಸಲ ತಪ್ಪು ಇವೆರಡರದೂ ಅಲ್ಲ. ಪೆಟ್ಟಿಗೆಯ ಅಳತೆ ನಿಗದಿ ಮಾಡಿದ ದಿನವೇ, ಅದನ್ನು ಪೇರಿಸಿದ ಗಳಿಗೆಯಲ್ಲೇ ನಷ್ಟ ಶುರುವಾಗಿರುತ್ತದೆ.

ನಮ್ಮ ಕಡೆ ಪೇರಿಸುವ ವಿದ್ಯೆ ಎಂದರೆ ಚೀಲದ ವಿದ್ಯೆ. ಎಪಿಎಂಸಿ ಗೋದಾಮಿನ ಹಮಾಲರು ಒಂದು ವರಸೆಯನ್ನು ಉದ್ದಕ್ಕೆ ಹಾಕಿದರೆ ಅದರ ಮೇಲಿನದನ್ನು ಅಡ್ಡಕ್ಕೆ ಹಾಕುತ್ತಾರೆ. ಹೊರಸಾಲಿನ ಚೀಲದ ಬಾಯಿ ಒಳಮುಖವಾಗಿರಬೇಕು, ನೆಲದ ತೇವ ತಾಗದಂತೆ ಅಡಿಯಲ್ಲಿ ಮರದ ಚೌಕಟ್ಟು ಇರಬೇಕು. ಸೆಣಬು ಸೆಣಬನ್ನು ಕಚ್ಚಿಕೊಳ್ಳುತ್ತದೆ, ಒಳಗಿನ ಕಾಳು ಸರಿದು ಚೀಲದ ಮೇಲೆ ಚೀಲ ಒತ್ತಾಗಿ ಕೂರುತ್ತದೆ. ಹಗ್ಗವಿಲ್ಲದೆ ಆಳೆತ್ತರವನ್ನೂ ಮೀರಿ ನಿಲ್ಲುವ ಆ ಒಟ್ಟಿಲು ನಿಜವಾದ ಕುಶಲ ಕೆಲಸ.

ಮಂಗಳೂರಿನ ಗೇರುಬೀಜದ್ದು ಬೇರೆ ಕಥೆ. ಅದು ದಶಕಗಳ ಕಾಲ ಹಡಗು ಹತ್ತಿದ್ದು 25 ಪೌಂಡಿನ ತಗಡಿನ ಡಬ್ಬಿಗಳಲ್ಲಿ. ಒಳಗಿನ ಗಾಳಿ ತೆಗೆದು, ಕಾರ್ಬನ್ ಡೈಆಕ್ಸೈಡ್ ತುಂಬಿ ಬೆಸುಗೆ ಹಾಕುತ್ತಿದ್ದರು. ತಗಡು ಬೀಜವನ್ನು ಕಾಯುತ್ತಿತ್ತು, ಮೇಲಿನ ಭಾರವನ್ನೂ ತಾನೇ ಹೊರುತ್ತಿತ್ತು. ಆಮೇಲೆ ತಗಡಿನ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಬಂತು, ಅದರ ಹೊರಗೆ 50 ಪೌಂಡು ಹಿಡಿಯುವ ರಟ್ಟಿನ ಪೆಟ್ಟಿಗೆ. ಇಂಥ 700 ಪೆಟ್ಟಿಗೆ ಸೇರಿದರೆ 20 ಅಡಿಯ ಒಂದು ಕಂಟೇನರ್. ವ್ಯಾಪಾರದಲ್ಲಿ ಅದೇ ರೂಢಿಯ ಲೆಕ್ಕ. ಬೀಜ ಕೆಡದಂತೆ ನೋಡುವ ಕೆಲಸ ಪ್ಲಾಸ್ಟಿಕ್ಕಿಗೆ ಬಂತು, ಭಾರ ಹೊರುವ ಹೊಣೆಯೆಲ್ಲ ರಟ್ಟಿನ ಮೇಲೆ ಬಿತ್ತು. ಈ ಬದಲಾವಣೆಯನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ ಎಂಬುದೇ ನನ್ನ ಮುಖ್ಯ ತಕರಾರು.

ಅಮೆರಿಕದಲ್ಲಿ ಈ ಹೊತ್ತಿಗೆ ಬೇರೆಯದೇ ವ್ಯವಸ್ಥೆ ಬೇರೂರಿತ್ತು. ಮಿಶಿಗನ್‌ನ ಕ್ಲಾರ್ಕ್ ಕಂಪನಿ 1917ರಲ್ಲಿ ತನ್ನ ಕಾರ್ಖಾನೆಯೊಳಗೆ ಸಾಮಾನು ಸಾಗಿಸಲು ಮೋಟಾರು ಗಾಡಿಯೊಂದನ್ನು ಮಾಡಿಕೊಂಡಿತು. ಫೋರ್ಕ್‌ಲಿಫ್ಟಿನ ವಂಶ ಅಲ್ಲಿಂದ ಬೆಳೆಯಿತು. ಎರಡನೇ ಮಹಾಯುದ್ಧದಲ್ಲಿ ಸೇನೆಯ ಸರಕು ಪ್ಯಾಲೆಟ್ ಎಂಬ ಮರದ ಅಡಿಹಲಗೆಯ ಮೇಲೆ ಓಡಾಡಿತು. ಯುದ್ಧದ ನಂತರದ ದಶಕಗಳಲ್ಲಿ ಕಿರಾಣಿ ಉದ್ಯಮ 48×40 ಅಂಗುಲದ ಪ್ಯಾಲೆಟ್ಟನ್ನು ತನ್ನ ಅಳತೆಯಾಗಿ ಒಪ್ಪಿಕೊಂಡಿತು. ಉತ್ತರ ಕ್ಯಾರೊಲಿನಾದ ಮ್ಯಾಕ್ಸ್‌ಟನ್‌ನಲ್ಲಿ 1913ರಲ್ಲಿ ಹುಟ್ಟಿ, ಲಾರಿ ವ್ಯವಹಾರದಲ್ಲಿ ಮೇಲೆ ಬಂದ ಮಾಲ್ಕಮ್ ಮೆಕ್‌ಲೀನ್ 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಹಡಗಿನಲ್ಲಿ 58 ಕಂಟೇನರ್‌ಗಳನ್ನು ನ್ಯೂಆರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ ಮೇಲೆ ಬಂದರುಗಳ ಚಹರೆಯೇ ಬದಲಾಯಿತು.

ಪೆಟ್ಟಿಗೆಯ ಶಾಸ್ತ್ರದ ಮಟ್ಟಿಗೆ ಜಾರ್ಜಿಯ ಮುಖ್ಯವಾದ ನೆಲ. ಸವಾನಾದಲ್ಲಿ 1936ರಲ್ಲಿ ಯೂನಿಯನ್ ಬ್ಯಾಗ್ ಕಂಪನಿಯ ಗಿರಣಿ ಶುರುವಾದ ಮೇಲೆ ಇಲ್ಲಿನ ಪೈನ್ ಮರ, ರಟ್ಟಿಗೂ ಬೇಕಾಗುವ ಕ್ರಾಫ್ಟ್ ಕಾಗದವಾಗಿ ದೇಶವೆಲ್ಲ ಹರಡಿತು. ವಿಸ್ಕಾನ್ಸಿನ್‌ನ ಆ್ಯಪಲ್‌ಟನ್‌ನಲ್ಲಿದ್ದ ಕಾಗದ ರಸಾಯನ ಸಂಸ್ಥೆಯಲ್ಲಿ ರಾಬರ್ಟ್ ಮೆಕ್‌ಕೀ ಮತ್ತು ಸಂಗಡಿಗರು 1963ರಲ್ಲಿ ಒಂದು ಸೂತ್ರ ಕೊಟ್ಟರು. ರಟ್ಟಿನ ಅಂಚಿನ ಬಲ, ದಪ್ಪ, ಪೆಟ್ಟಿಗೆಯ ಸುತ್ತಳತೆ ಗೊತ್ತಿದ್ದರೆ ಅದು ಎಷ್ಟು ಭಾರಕ್ಕೆ ಕುಸಿಯುತ್ತದೆ ಎಂದು ಲೆಕ್ಕ ಹಾಕಬಹುದು. ಆ ಸಂಸ್ಥೆ 1989ರಲ್ಲಿ ಅಟ್ಲಾಂಟಾಕ್ಕೆ ಬಂತು, 2003ರಲ್ಲಿ ಜಾರ್ಜಿಯ ಟೆಕ್‌ನೊಂದಿಗೆ ಸೇರಿತು. ಲಾರೆನ್ಸ್‌ವಿಲ್‌ನಿಂದ ಅದೇ 85ನೇ ಹೆದ್ದಾರಿ ಹಿಡಿದು ಈಶಾನ್ಯಕ್ಕೆ ಹೋದರೆ ದಕ್ಷಿಣ ಕ್ಯಾರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯ ಸಿಗುತ್ತದೆ. ಪ್ಯಾಕೇಜಿಂಗ್ ವಿಜ್ಞಾನದಲ್ಲಿ ಅಲ್ಲಿ ಪದವಿಯನ್ನೇ ಪಡೆಯಬಹುದು.

ಈ ಶಾಸ್ತ್ರ ಕಲಿಸಿದ ದೊಡ್ಡ ಪಾಠ ಒಂದೇ. ಪೆಟ್ಟಿಗೆಯ ಬಲದ ಬಹುಪಾಲು ಇರುವುದು ಅದರ ನಾಲ್ಕು ಮೂಲೆಗಳಲ್ಲಿ, ನಡುವಿನ ಗೋಡೆಯಲ್ಲಿ ಅಲ್ಲ. ಆದ್ದರಿಂದ ಮೂಲೆಯ ಮೇಲೆ ಮೂಲೆ ಕೂರಬೇಕು. ಚೀಲ ಒಟ್ಟಿದ ಹಾಗೆ ಒಂದು ವರಸೆ ಉದ್ದ, ಒಂದು ವರಸೆ ಅಡ್ಡ ಎಂದು ಪೆಟ್ಟಿಗೆ ಇಟ್ಟರೆ ಅಟ್ಟಿ ನೋಡಲು ಗಟ್ಟಿ, ಹೊರುವ ಶಕ್ತಿ ಮಾತ್ರ ಅರ್ಧ. ಅಮೆರಿಕದ ಫೈಬರ್ ಬಾಕ್ಸ್ ಅಸೋಸಿಯೇಶನ್ ಕೈಪಿಡಿಯ ಅಂಕಿಗಳನ್ನಿಟ್ಟು ಒಂದು ಲೆಕ್ಕ ಮಾಡೋಣ. ಪ್ರಯೋಗಾಲಯದಲ್ಲಿ 100 ಕೆಜಿ ತಾಳಿದ ಪೆಟ್ಟಿಗೆ ಭಾರ ಹೊತ್ತು 30 ದಿನ ನಿಂತರೆ 60ಕ್ಕೆ ಇಳಿಯುತ್ತದೆ. ಗಾಳಿಯ ತೇವಾಂಶ ಶೇ. 80 ಮುಟ್ಟಿದರೆ ಸುಮಾರು 41. ಪ್ಯಾಲೆಟ್ಟಿನ ಅಂಚಿನಿಂದ ಹೊರಚಾಚಿದ್ದರೆ 29ರ ಆಸುಪಾಸು. ಅಡ್ಡ-ಉದ್ದ ಪೇರಿಸಿದ್ದರೆ 14. ನೂರರ ಭರವಸೆ ಕೊಟ್ಟ ಪೆಟ್ಟಿಗೆಯಲ್ಲಿ ಉಳಿಯುವುದು ಇಷ್ಟೇ. ದಿನದ ಲೆಕ್ಕದಲ್ಲಿ ಕಳೆದುಹೋಗುವ ಬಲದ ಬಹುಪಾಲು ಮೊದಲ ಹತ್ತು ದಿನಗಳಲ್ಲೇ ಹೋಗಿರುತ್ತದೆ. ಹಾಗಾಗಿ ದಾಳಿಗಳ ಭಯಕ್ಕೆ ಕೆಂಪು ಸಮುದ್ರದ ದಾರಿ ಬಿಟ್ಟು ಹಡಗುಗಳು ಆಫ್ರಿಕ ಸುತ್ತಿ ತಡವಾಗಿ ಬಂದದ್ದರಿಂದಲೇ ಮಾಲು ಹಾಳಾಯಿತು ಎಂಬ ಸಮಜಾಯಿಷಿ ಪೂರ್ತಿ ಒಪ್ಪತಕ್ಕದ್ದಲ್ಲ.

ಮೂಲೆಗೆ ಮೂಲೆ ಇಟ್ಟ ಕಂಬಸಾಲು ಭಾರವನ್ನೇನೋ ಹೊರುತ್ತದೆ, ಆದರೆ ತಿರುವಿನಲ್ಲಿ ವಾಲಿ ಬೀಳುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಸಾಧನ ಬಂದದ್ದು 1970ರ ದಶಕದಲ್ಲಿ. ಕೆಂಟಕಿಯ ಲೂಯಿವಿಲ್‌ನಲ್ಲಿ 1972ರಲ್ಲಿ ಶುರುವಾದ ಲ್ಯಾನ್‌ಟೆಕ್ ಕಂಪನಿ, ಪ್ಲಾಸ್ಟಿಕ್ ಫಿಲ್ಮನ್ನು ಎಳೆದು ಹಿಗ್ಗಿಸಿ ಸುತ್ತುವ ಯಂತ್ರವನ್ನು ಬಳಕೆಗೆ ತಂದಿತು. ಅಲ್ಲಿಯವರೆಗೆ ಉಕ್ಕಿನ ಪಟ್ಟಿ, ಅಂಟು, ಬಿಸಿಗೆ ಕುಗ್ಗುವ ಹಾಳೆ ಇವೇ ಗತಿ. ಹಿಗ್ಗಿದ ಫಿಲ್ಮ್ ಮತ್ತೆ ಕುಗ್ಗಲು ಹವಣಿಸುತ್ತ ಅಟ್ಟಿಯನ್ನು ನಾಲ್ಕೂ ಕಡೆಯಿಂದ ಒಳಕ್ಕೆ ಬಿಗಿಯುತ್ತದೆ. ನನ್ನ ಪ್ರಕಾರ ಈ ಕ್ಷೇತ್ರದ ನಿಜವಾದ ತಿರುವು ಇದೇ. ಕೆಳಗಿನ ವರಸೆಗಳನ್ನು ಕಂಬಸಾಲಾಗಿ ಇಟ್ಟು, ತುದಿಯ ಒಂದೆರಡನ್ನು ಮಾತ್ರ ಅಡ್ಡ ಹೆಣೆದು, ಫಿಲ್ಮ್ ಸುತ್ತುವ ಇಂದಿನ ರೂಢಿ ಅದರಿಂದಲೇ ಸಾಧ್ಯವಾಯಿತು. ಫಿಲ್ಮ್ ಪೆಟ್ಟಿಗೆಗಳನ್ನಷ್ಟೇ ಸುತ್ತಿದರೆ ಸಾಲದು. ಕೆಳಗೆ ಮರದ ಹಲಗೆಯನ್ನೂ ಸೇರಿಸಿ ಎರಡು-ಮೂರು ಸುತ್ತು ಬರಬೇಕು. ಇಲ್ಲವಾದರೆ ಚಾಲಕ ಬ್ರೇಕ್ ಒತ್ತಿದಾಗ ಪ್ಯಾಲೆಟ್ ನಿಂತಲ್ಲೇ ನಿಂತು, ಸರಕು ಇಡೀ ಗಂಟಾಗಿ ಅದರ ಮೇಲಿಂದ ಜಾರುತ್ತದೆ.

ಕಾನೂನುಗಳು ಆಮೇಲೆ ಬಂದವು. ಮರದೊಳಗಿನ ಹುಳು ದೇಶ ದಾಟದಂತೆ ಪ್ಯಾಲೆಟ್ಟಿನ ಮರದ ಒಡಲನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ಇಲ್ಲವೇ ಒಪ್ಪಿತವಾದ ಬೇರೆ ಕ್ರಮದಲ್ಲಿ ಸಂಸ್ಕರಿಸಿ ಮುದ್ರೆ ಹಾಕಬೇಕೆಂಬ ಅಂತರರಾಷ್ಟ್ರೀಯ ನಿಯಮ 2002ರದು. ಅಮೆರಿಕದ ಲಾರಿ ನಿಯಮದಂತೆ ಸರಕು ಮುಂದಕ್ಕೆ ತನ್ನ ತೂಕದ 0.8 ಪಟ್ಟು, ಪಕ್ಕಕ್ಕೆ 0.5 ಪಟ್ಟು ಬಲ ತಡೆಯುವಂತೆ ಭದ್ರವಾಗಿರಬೇಕು. ಚಾಲಕ ಮೊದಲ 50 ಮೈಲಿಯೊಳಗೆ ಒಮ್ಮೆ ಇಳಿದು ನೋಡಬೇಕು. ಆದರೆ ಮೊಹರು ಹಾಕಿದ, ತೆರೆಯಬಾರದೆಂದು ಹೇಳಿರುವ ಕಂಟೇನರ್‌ಗೆ ಈ ತಪಾಸಣೆಯಿಂದ ವಿನಾಯಿತಿ ಇದೆ. ಕರ್ನಾಟಕದಲ್ಲಿ ಹೇಗೆ ತುಂಬಿದರೋ ಹಾಗೆಯೇ ಅದು ಗ್ವಿನೆಟ್‌ನ ಗೋದಾಮಿಗೆ ಬಂದು ನಿಲ್ಲಬಹುದು.

ಬಾಗಿಲು ತೆರೆದಾಗ ಎರಡು ಕಾಲದ ಪದ್ಧತಿಗಳು ಎದುರುಬದುರಾಗುತ್ತವೆ. ನಮ್ಮ ಕಿರಾಣಿ ಮಾಲು ಹೆಚ್ಚಾಗಿ ಬರುವುದು ಪ್ಯಾಲೆಟ್ ಇಲ್ಲದೆ, ಕಂಟೇನರ್ ನೆಲದಿಂದಲೇ ಪೇರಿಸಿಕೊಂಡು. ಮರ ಜಾಗ ತಿನ್ನುತ್ತದೆ, 20 ಅಡಿಯ ಕಂಟೇನರ್‌ನಲ್ಲಿ ಹಿಡಿಯುವುದು ಹತ್ತೇ ಪ್ಯಾಲೆಟ್, ಜೊತೆಗೆ ಮುದ್ರೆಯ ಖರ್ಚು. ರಫ್ತುದಾರರ ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಇಲ್ಲಿನ ಕೆಲಸಗಾರ ಅದೇ ಪೆಟ್ಟಿಗೆಗಳನ್ನು ಕೈಯಿಂದ ಇಳಿಸಿ 48×40ರ ಪ್ಯಾಲೆಟ್ ಮೇಲೆ ಪೇರಿಸಲೇಬೇಕು. ಪೆಟ್ಟಿಗೆ 14 ಅಂಗುಲ ಅಗಲವಿದ್ದರೆ ಮೂರು ಸೇರಿ 42 ಅಂಗುಲ. ಎರಡೂ ಬದಿಗೆ ಒಂದೊಂದು ಅಂಗುಲ ಹೊರಗೆ. ಅಂಚಿನ ಪೆಟ್ಟಿಗೆಗಳ ಹೊರಮೂಲೆಗಳ ಅಡಿ ಹಲಗೆ ಇಲ್ಲ. ದಿನ ಕಳೆದಂತೆ ಕೆಳವರಸೆಯ ಹೊಟ್ಟೆ ಉಬ್ಬಿ ಅಟ್ಟಿ ಒಂದು ಕಡೆಗೆ ವಾಲುತ್ತದೆ.

ಪರಿಹಾರ ದುಬಾರಿಯಲ್ಲ. 16×10 ಅಂಗುಲದ ಪೆಟ್ಟಿಗೆ 48ಕ್ಕೆ ಮೂರು, 40ಕ್ಕೆ ನಾಲ್ಕರಂತೆ ಒಂದು ವರಸೆಗೆ 12 ಕೂರುತ್ತದೆ, ಒಂದಿಂಚೂ ಹೊರಚಾಚದೆ. ಆದ್ದರಿಂದ ಕರ್ನಾಟಕದ ಆಹಾರ ರಫ್ತುದಾರರಲ್ಲಿ ಕೇಳಿಕೊಳ್ಳುವುದಿಷ್ಟೆ: ಮುಂದಿನ ಸಲ ರಟ್ಟಿನ ಪೆಟ್ಟಿಗೆಗೆ ಆರ್ಡರ್ ಕೊಡುವ ಮುನ್ನ 48 ಮತ್ತು 40ನ್ನು ಅದರ ಹೊರ ಅಳತೆಯಿಂದ ಭಾಗಿಸಿ ನೋಡಿ. ಒಂದರ ಮೇಲೊಂದು ಎಷ್ಟು ವರಸೆ ಇಡಬಹುದು ಎಂಬುದನ್ನು ಪೆಟ್ಟಿಗೆಯ ಮೇಲೇ ಅಚ್ಚು ಹಾಕಿಸಿ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಆಹಾರ ಪ್ಯಾಕೇಜಿಂಗ್ ವಿಭಾಗವಿದೆ. ಮಾದರಿಯನ್ನು ಅಲ್ಲಿಗೆ ಒಯ್ದು, ಮಳೆಗಾಲದ ತೇವದಲ್ಲಿ ಅದು ಎಷ್ಟು ತಾಳುತ್ತದೆ ಎಂದು ಕೇಳಿ ತಿಳಿದುಕೊಂಡು ಆಮೇಲೆ ಹಡಗು ಹತ್ತಿಸಿ.