ಕಾರ್ಡಿನ ಬೆನ್ನ ಮೇಲಿನ ಚರಿತ್ರೆ

ಹಳೆಯ ಚಿತ್ರ ಪೋಸ್ಟ್‌ಕಾರ್ಡುಗಳಿಗೆ ಈಗ ಬೆಲೆ ಬಂದಿದೆ. ಒಂದು ಕಾಲದಲ್ಲಿ ಗುಜರಿಯವನು ತಕ್ಕಡಿಯಲ್ಲಿ ತೂಗಿ ಒಯ್ಯುತ್ತಿದ್ದ ಕಾಗದದ ಕಟ್ಟಿನಿಂದ ಇಂದು ಒಂದೊಂದೇ ಕಾರ್ಡನ್ನು ಹೆಕ್ಕಿ, ಪ್ಲಾಸ್ಟಿಕ್ ಹೊದಿಕೆ ತೊಡಿಸಿ, ನೂರಾರು ರೂಪಾಯಿಗೆ ಮಾರುವವರಿದ್ದಾರೆ. ಕೊಳ್ಳುವವರಲ್ಲಿ ಕೆಲವರು ಅವನ್ನು ಆಲ್ಬಮ್‌ನಲ್ಲಿ ಜೋಡಿಸಿಡುತ್ತಾರೆ. ಮನೆಯನ್ನು ಅಂದಗೊಳಿಸುವ ಹವ್ಯಾಸವುಳ್ಳವರು ಕತ್ತರಿಸಿ ಚಹಾದ ಟ್ರೇಗೋ ಒಡವೆ ಪೆಟ್ಟಿಗೆಯ ಮುಚ್ಚಳಕ್ಕೋ ಅಂಟಿಸುತ್ತಾರೆ. ಅಜ್ಜಿಯ ಸೀರೆಯ ಜರಿಯಂಚು, ಅಜ್ಜನ ಶೇರ್ವಾನಿಯ ಗುಂಡಿ, ಹಳೆಯ ಈದ್ ಕಾರ್ಡು ಎಲ್ಲವೂ ಒಂದೇ ಗಾಜಿನ ಚೌಕಟ್ಟಿನೊಳಗೆ ಸೇರಿ ಗೋಡೆ ಏರುತ್ತವೆ.

ಇದನ್ನು ತಪ್ಪೆನ್ನಲಾಗದು. ಟ್ರಂಕಿನ ತಳದಲ್ಲಿ ಗೆದ್ದಲಿಗೆ ಆಹಾರವಾಗುವುದಕ್ಕಿಂತ ಗೋಡೆಯ ಮೇಲಿರುವುದು ವಾಸಿ. ಆದರೆ ಅಂಟು ಹಚ್ಚುವ ಮುನ್ನ ಕಾರ್ಡನ್ನು ಒಮ್ಮೆ ತಿರುಗಿಸಿ ಓದುವವರು ಎಷ್ಟು ಮಂದಿ? ಅಂಟು ಬೀಳುವುದು ಯಾವಾಗಲೂ ಬೆನ್ನಿನ ಮೇಲೆಯೇ. ಕಾಗದ, ಅಂಚೆಮುದ್ರೆ, ವಿಳಾಸ, ಕೈಬರಹ ಇರುವುದೂ ಅಲ್ಲಿಯೇ.

ಪೋಸ್ಟ್‌ಕಾರ್ಡಿನ ಹುಟ್ಟಿನಲ್ಲಿ ಚಿತ್ರಕ್ಕೆ ಜಾಗವೇ ಇರಲಿಲ್ಲ. 1865ರಲ್ಲಿ ಪ್ರಷ್ಯಾದ ಅಂಚೆ ಅಧಿಕಾರಿ ಹೈನ್ರಿಕ್ ಫಾನ್ ಸ್ಟೆಫಾನ್ ಇಂಥದೊಂದು ತೆರೆದ ಹಾಳೆಯ ಸಲಹೆ ಕೊಟ್ಟಾಗ ಯಾರೂ ಒಪ್ಪಲಿಲ್ಲ. ನಾಲ್ಕು ವರ್ಷಗಳ ಬಳಿಕ ಅರ್ಥಶಾಸ್ತ್ರದ ಪ್ರಾಧ್ಯಾಪಕ ಇಮ್ಯಾನುಯೆಲ್ ಹರ್ಮನ್, ಎರಡು ಸಾಲಿನ ಸುದ್ದಿಗೆ ಲಕೋಟೆಯ ಖರ್ಚೇಕೆ ಎಂದು ಲೆಕ್ಕ ತೋರಿಸಿದರು. 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೇರಿಯಲ್ಲಿ ಜಗತ್ತಿನ ಮೊದಲ ಅಂಚೆ ಕಾರ್ಡು ಹೊರಬಂತು. ಮರುವರ್ಷ ಬ್ರಿಟನ್ನಿಗೂ, 1879ರ ಜುಲೈ 1ರಂದು ನಮ್ಮ ದೇಶಕ್ಕೂ ಅದು ಬಂತು. ಇಲ್ಲಿ ಅದರ ಬೆಲೆ ಕಾಲಾಣೆ. ಲಕೋಟೆಗೆ ದುಡ್ಡಿಲ್ಲದವನೂ ದೂರದ ಊರಿನ ಮಗಳಿಗೆ ಕ್ಷೇಮ ಸಮಾಚಾರ ಬರೆಯುವಂತಾಯಿತು. ದಾರಿಯಲ್ಲಿ ಯಾರು ಬೇಕಾದರೂ ಓದಬಹುದಾದ ಕಾಗದ ಅದು. ಓದಲು ಬಾರದ ಮನೆಗಳಲ್ಲಿ ಅಂಚೆಯವನೇ ಕಟ್ಟೆಯ ಮೇಲೆ ಕುಳಿತು ಅದನ್ನು ಗಟ್ಟಿಯಾಗಿ ಓದುತ್ತಿದ್ದುದೂ ಉಂಟು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಿತ್ರಕಾರ್ಡುಗಳ ಅಲೆ ಎದ್ದಿತು. ಆರಂಭದಲ್ಲಿ ಬೆನ್ನಿನ ಬದಿ ಕೇವಲ ವಿಳಾಸಕ್ಕೆ ಮೀಸಲು. ಹೇಳುವ ಮಾತನ್ನೆಲ್ಲ ಚಿತ್ರದ ಅಂಚಿನ ಖಾಲಿ ಜಾಗದಲ್ಲಿ ತುರುಕಬೇಕಿತ್ತು. ಬ್ರಿಟನ್ 1902ರಲ್ಲಿ, ಅಮೆರಿಕ 1907ರಲ್ಲಿ ಬೆನ್ನಿನ ನಡುವೆ ಗೆರೆ ಎಳೆದು ಎಡಕ್ಕೆ ಮಾತು, ಬಲಕ್ಕೆ ವಿಳಾಸ ಎಂದು ಭಾಗ ಮಾಡಿದವು. ಆದ್ದರಿಂದ ಹಳೆಯ ಕಾರ್ಡಿನ ವಯಸ್ಸು ತಿಳಿಯಬೇಕಾದವರು ಮೊದಲು ನೋಡುವುದು ಚಿತ್ರವನ್ನಲ್ಲ, ಈ ಗೆರೆಯನ್ನು!

ಭಾರತದಲ್ಲಿ ಈ ವ್ಯಾಪಾರಕ್ಕೆ ಹಲವರು ಇಳಿದರು. ರವಿವರ್ಮ ಪ್ರೆಸ್ಸು ದೇವದೇವಿಯರನ್ನು ಅಂಗೈಯಗಲಕ್ಕೆ ಇಳಿಸಿತು. ಮದ್ರಾಸು ಮತ್ತು ಬೆಂಗಳೂರಿನ ಹಿಗ್ಗಿನ್‌ಬಾಥಮ್ಸ್ ಪುಸ್ತಕದ ಅಂಗಡಿ ಬೆಂಗಳೂರು, ಮೈಸೂರುಗಳ ನೋಟಗಳನ್ನು ಮಾರಿತು. ದೆಹಲಿಯ ಚಾಂದನಿ ಚೌಕದ ಛಾಯಾಗ್ರಾಹಕರಾದ ಎಚ್.ಎ. ಮಿರ್ಝಾ ಅಂಡ್ ಸನ್ಸ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮಕ್ಕಾದ ಚಿತ್ರಗಳನ್ನೂ ತೆಗೆದರು. ಹಜ್ ಯಾತ್ರೆಯೆಂದರೆ ಮುಂಬಯಿಯಿಂದ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ, ಮರಳಿ ಬರುವ ಖಾತರಿಯಿಲ್ಲ ಎಂಬ ಕಾಲದಲ್ಲಿ, ಕಾಬಾದ ಒಂದು ಚಿತ್ರ ಬಡವನ ಮನೆಯಲ್ಲಿ ಏನಾಗಿದ್ದಿರಬೇಕು, ಊಹಿಸಿ.

ಈದ್ ಕಾರ್ಡುಗಳ ಕತೆ ಇನ್ನೂ ಸ್ವಾರಸ್ಯಕರ. ಯುರೋಪಿನಲ್ಲಿ ಅಚ್ಚಾದ ಗುಲಾಬಿಗಳ, ಗುಂಗುರು ಕೂದಲಿನ ಮಕ್ಕಳ ಕಾರ್ಡುಗಳ ಮೇಲೆ ಇಲ್ಲಿಯ ವ್ಯಾಪಾರಿಗಳು ಉರ್ದುವಿನಲ್ಲಿ ‘ಈದ್ ಮುಬಾರಕ್’ ಎಂದು ಮರುಮುದ್ರಿಸಿ ಮಾರುತ್ತಿದ್ದರು. ಲಾಹೋರಿನ ಹಾಫಿಝ್ ಕಮರುದ್ದೀನ್ ಅಂಡ್ ಸನ್ಸ್‌ನಂಥ ಪ್ರಕಾಶಕರು ಈ ವ್ಯಾಪಾರದಲ್ಲಿ ಹೆಸರು ಮಾಡಿದರು. ಕ್ರಿಸ್‌ಮಸ್‌ಗೆಂದು ಮಾಡಿದ ಕಾಗದ ಈದ್‌ಗೆ ಒದಗಿತು. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಹಬ್ಬಗಳ ನಡುವೆ ಬೇಲಿ ಹಾಕುವವರಿಗೆ ಈ ಕಾರ್ಡುಗಳನ್ನು ತೋರಿಸಬೇಕು.

ಹಾಗೆಂದು ಮುಂಬದಿಯ ಚಿತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ವಸಾಹತು ಕಾಲದ ಎಷ್ಟೋ ಕಾರ್ಡುಗಳಲ್ಲಿ ನಮ್ಮವರು ‘ನಾಚ್ ಹುಡುಗಿ’, ‘ಫಕೀರ’, ‘ಭಿಶ್ತಿ’ ಎಂಬ ಹೆಸರಿಲ್ಲದ ಮಾದರಿಗಳಾಗಿ ನಿಂತಿದ್ದಾರೆ. ಅಲ್ಜೀರಿಯಾದ ಲೇಖಕ ಮಾಲೆಕ್ ಅಲ್ಲೂಲಾ 1981ರಲ್ಲಿ ತಮ್ಮ ನಾಡಿನ ಹೆಣ್ಣುಮಕ್ಕಳ ಕಾರ್ಡುಗಳನ್ನು ಕಲೆಹಾಕಿ ಪುಸ್ತಕ ಬರೆದರು. ಪರ್ದಾದೊಳಗಿನ ಹೆಂಗಸರನ್ನು ನೋಡಲಾಗದ ಫ್ರೆಂಚ್ ಛಾಯಾಗ್ರಾಹಕರು ದುಡ್ಡುಕೊಟ್ಟು ಕರೆತಂದ ಹುಡುಗಿಯರಿಗೆ ಸ್ಟುಡಿಯೋದಲ್ಲಿ ವೇಷ ಹಾಕಿಸಿ, ಇದೇ ಅಲ್ಜೀರಿಯಾದ ಅಂತಃಪುರ ಎಂದು ಮಾರಿದ್ದನ್ನು ಅವರು ಬಿಚ್ಚಿಟ್ಟರು. ಅಂದವಾಗಿದೆ ಎಂದು ನಾವು ಕಟ್ಟು ಹಾಕಿಸಿ ತೂಗುಹಾಕುವ ಚಿತ್ರದಲ್ಲಿ ಇಂಥದೊಂದು ಅವಮಾನ ಅಡಗಿರಬಹುದು. ಮುಂಬದಿ ಮಾರಾಟಗಾರನ ಮಾತು. ಬೆನ್ನಿನ ಬದಿ ಕಳಿಸಿದವನ ಮಾತು.

ಇನ್ನೊಂದು ಸಂಗತಿ. ಲಂಡನ್ನಿನ ರಾಫೆಲ್ ಟಕ್ ಅಂಡ್ ಸನ್ಸ್ ಪೋಸ್ಟ್‌ಕಾರ್ಡ್ ಲೋಕದ ದೊಡ್ಡ ಹೆಸರು. ಭಾರತದ ನೋಟಗಳನ್ನೂ ಆ ಸಂಸ್ಥೆ ಅಚ್ಚು ಹಾಕಿತ್ತು. 1940ರ ಡಿಸೆಂಬರ್ 29ರ ರಾತ್ರಿ ಜರ್ಮನ್ ಬಾಂಬುಗಳಿಗೆ ಅದರ ಕಟ್ಟಡ ದಾಖಲೆಗಳ ಸಮೇತ ಸುಟ್ಟುಹೋಯಿತು. ಇಂದು ಆ ಸಂಸ್ಥೆಯ ಚರಿತ್ರೆ ಬರೆಯುವವರು ನೆಚ್ಚಿಕೊಂಡಿರುವುದು ಸಾಮಾನ್ಯ ಜನ ತಮ್ಮ ಮನೆಗಳಲ್ಲಿ ಉಳಿಸಿಕೊಂಡ ಕಾರ್ಡುಗಳನ್ನೇ. ಕಚೇರಿ ಕಳೆದುಕೊಂಡದ್ದನ್ನು ಟ್ರಂಕುಗಳು ಕಾಪಾಡಿದವು!

ಉರ್ದು ಓದಿದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯೊಂದಿದೆ. ಮಿರ್ಝಾ ಗಾಲಿಬ್ ತೀರಿಕೊಂಡದ್ದು 1869ರ ಫೆಬ್ರವರಿಯಲ್ಲಿ, ಪೋಸ್ಟ್‌ಕಾರ್ಡು ಹುಟ್ಟಿದ ವರ್ಷದಲ್ಲೇ. ಅವರ ಪತ್ರಗಳ ಮೊದಲ ಸಂಕಲನ ‘ಊದ್-ಎ-ಹಿಂದಿ’ 1868ರಲ್ಲಿ, ‘ಉರ್ದು-ಎ-ಮುಅಲ್ಲಾ’ ಮರುವರ್ಷ ಪ್ರಕಟವಾದವು. ಪತ್ರಗಳನ್ನು ಅಚ್ಚು ಹಾಕಿಸುವ ಮಾತಿಗೆ ಗಾಲಿಬರು ಮೊದಮೊದಲು ಒಪ್ಪಿರಲಿಲ್ಲ. ಗೆಳೆಯರು, ಶಿಷ್ಯರು ಅವನ್ನು ಜೋಪಾನ ಮಾಡಿದ್ದರಿಂದ ಉರ್ದು ಗದ್ಯಕ್ಕೆ ಅದರ ಸಹಜವಾದ ಮಾತಿನ ಧಾಟಿ ಸಿಕ್ಕಿತು. 1857ರ ನಂತರ ದೆಹಲಿ ಹೇಗೆ ಹಾಳು ಸುರಿಯಿತು ಎಂಬುದು ಒಬ್ಬ ಮನುಷ್ಯನ ದನಿಯಲ್ಲಿ ನಮಗೆ ಕೇಳುವುದು ಆ ಕಾಗದಗಳಲ್ಲಿ.

ಇದಕ್ಕೆ ವಿರುದ್ಧವಾದ ಉದಾಹರಣೆ ಮೊದಲ ಮಹಾಯುದ್ಧದ್ದು. ಫ್ರಾನ್ಸಿನಲ್ಲಿ ಹೋರಾಡಿದ ಭಾರತೀಯ ಸಿಪಾಯಿಗಳು ಉರ್ದು, ಗುರುಮುಖಿ ಮೊದಲಾದ ಲಿಪಿಗಳಲ್ಲಿ ಊರಿಗೆ ಕಾಗದ ಬರೆದರು, ಬರೆಯಲು ಬಾರದವರು ಬರೆಸಿದರು. ಬ್ರಿಟಿಷ್ ಸೈನ್ಯ ಅವನ್ನು ತೆರೆದು ಓದಲು 1914ರಲ್ಲಿ ಸೆನ್ಸಾರ್ ಕಚೇರಿಯನ್ನೇ ನೇಮಿಸಿತು. ಸಿಪಾಯಿಗಳೂ ಜಾಣರು. ತಮ್ಮವರನ್ನು ಕರಿಮೆಣಸು ಎಂದೂ ಬಿಳಿಯರನ್ನು ಕೆಂಪು ಮೆಣಸಿನಕಾಯಿ ಎಂದೂ ಕರೆದು ಸಾವುನೋವಿನ ಸುದ್ದಿ ದಾಟಿಸುತ್ತಿದ್ದರು. ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿರುವುದು ಸೆನ್ಸಾರಿನವರು ಮಾಡಿಕೊಂಡ ಇಂಗ್ಲಿಷ್ ಅನುವಾದದ ತುಣುಕುಗಳು. ಹಳ್ಳಿಗಳಿಗೆ ತಲುಪಿದ ಮೂಲ ಕಾಗದಗಳು ಬಹುತೇಕ ಕಳೆದುಹೋದವು. ಮಗನ ಮಾತನ್ನು ಮನೆಯವರಿಗಿಂತ ಚೆನ್ನಾಗಿ ಕಾಯ್ದಿಟ್ಟದ್ದು ಅವನ ಮೇಲೆ ಕಣ್ಣಿಟ್ಟಿದ್ದ ಸರಕಾರ! ಇದಕ್ಕಿಂತ ವಿಪರ್ಯಾಸ ಬೇಕೆ?

ಹಾಗಾದರೆ ಕತ್ತರಿಸಿ ಅಂಟಿಸುವ ಕಲೆಯನ್ನೇ ಬಿಟ್ಟುಬಿಡಬೇಕೆ? ಖಂಡಿತ ಇಲ್ಲ. ಅದು ನಮ್ಮ ಪರಂಪರೆಯದೇ. ಮೊಘಲರ ಚಿತ್ರಸಂಪುಟಗಳಿಗೆ ‘ಮುರಕ್ಕಾ’ ಎಂದು ಹೆಸರು. ಆ ಪದದ ಅರ್ಥವೇ ತೇಪೆ ಹಾಕಿದ್ದು ಎಂದು. ಸೂಫಿಗಳ ತೇಪೆಯ ಅಂಗಿಗೂ ಅದೇ ಮೂಲದ ಹೆಸರು. ಹಳೆಯ ಉಸ್ತಾದರ ಕೈಬರಹ, ಇರಾನಿನ ಚಿತ್ರ, ಯುರೋಪಿನ ಅಚ್ಚು ಎಲ್ಲವನ್ನೂ ಕತ್ತರಿಸಿ, ಜೋಡಿಸಿ, ಸುತ್ತ ಚಿನ್ನದ ಅಂಚು ಬರೆಯಿಸಿ ಜಹಾಂಗೀರ್ ತನ್ನ ಸಂಪುಟಗಳನ್ನು ಕಟ್ಟಿಸಿದ. ದಾರಾ ಶಿಕೋ ಇಂಥದೊಂದು ಸಂಪುಟವನ್ನು ಮಡದಿ ನಾದಿರಾ ಬಾನುವಿಗೆ ಉಡುಗೊರೆ ಕೊಟ್ಟು, ಅದರಲ್ಲಿ ಅರ್ಪಣೆಯ ಸಾಲು ಬರೆದ. ಆ ಸಂಪುಟ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಹೂಗಳೂ ಹಕ್ಕಿಗಳೂ ಚೆನ್ನಾಗಿವೆ, ಆದರೆ ಅರ್ಪಣೆಯ ಸಾಲನ್ನು ಅಳಿಸಲು ಯಾರೋ ಯತ್ನಿಸಿದ ಗುರುತಿದೆ. 1659ರಲ್ಲಿ ಕೊಲೆಯಾದ ರಾಜಕುಮಾರನ ಚಿತ್ರಗಳಿಂದ ಯಾರಿಗೂ ತೊಂದರೆಯಿರಲಿಲ್ಲ, ತೊಂದರೆಯಾದದ್ದು ಅವನ ಹೆಸರಿದ್ದ ಬರಹದಿಂದ.

ದಕ್ಷಿಣದ ಮನೆಗಳಲ್ಲಿ ಹೆಂಗಸರು ರವಿವರ್ಮನ ಅಚ್ಚಿನ ಚಿತ್ರಗಳಿಗೆ ಜರಿ, ಬಟ್ಟೆ, ಚಮಕಿ ಹೊಲಿದು ಸರಸ್ವತಿಗೆ ನಿಜವಾದ ಸೀರೆಯನ್ನೇ ಉಡಿಸುತ್ತಿದ್ದರು. ಇಂದು ಆ ಕಸೂತಿಯೇ ಸಂಗ್ರಹಕಾರರು ಹುಡುಕುವ ವಸ್ತು. ಬೆನ್ನು ಖಾಲಿಯಿರುವ ಚಿತ್ರಕ್ಕೆ ಏನು ಹೊಲಿದರೂ ಅದು ಸೇರ್ಪಡೆ. ಬರೆದ ಕಾರ್ಡನ್ನು ಅಂಟಿಸಿದರೆ ಅದು ಅಳಿಕೆ. ವ್ಯತ್ಯಾಸ ಇಷ್ಟೇ.

ಕರ್ನಾಟಕದ ಮುಸ್ಲಿಂ ಮನೆಗಳಲ್ಲಿ ಈ ಅಳಿಕೆ ಬೇಗ ನಡೆಯುತ್ತಿದೆ. ಕಾರಣ ಲಿಪಿ. ಅಜ್ಜಿ ಬರೆದದ್ದು ಉರ್ದುವಿನಲ್ಲಿ, ಮೊಮ್ಮಗಳು ಕಲಿತದ್ದು ಕನ್ನಡ ಮತ್ತು ಇಂಗ್ಲಿಷ್. ಭಟ್ಕಳದ ನವಾಯತರ ಮನೆಯಲ್ಲಿ ನವಾಯತಿಯ ಕಾಗದ, ಕರಾವಳಿಯ ಬ್ಯಾರಿ ಹಿರಿಯರಲ್ಲಿ ಅರಬಿ-ಮಲಯಾಳಂ ಲಿಪಿಯ ಬರಹ ಇರಬಹುದು. ಓದಲು ಬಾರದ ಬರಹ ಬರಹವಾಗಿ ಉಳಿಯುವುದಿಲ್ಲ, ಬರೀ ಗೀಚಾಗುತ್ತದೆ. ಗೀಚಿನ ಮೇಲೆ ಅಂಟು ಸವರಲು ಯಾರಿಗೂ ಕೈ ನಡುಗುವುದಿಲ್ಲ.

ಉರ್ದು ಶಾಲೆಯ ಮೆಟ್ಟಿಲು ಹತ್ತಿ ಬಂದ ನಮ್ಮ ಬಳಿಗೆ ಆಗಾಗ ಇಂಥ ಕಾರ್ಡುಗಳನ್ನು ಓದಿಸಿಕೊಳ್ಳಲು ಬರುವವರಿದ್ದಾರೆ. ಮೇಲೆ 786, ಬದಿಯಲ್ಲಿ ಹಿಜರಿ ತಾರೀಖು, ಸಲಾಮು, ದುವಾ, ಖೈರಿಯತ್. ಅದರ ಕೆಳಗೆ ನಿಜವಾದ ಬದುಕು: ಮನಿ ಆರ್ಡರು ತಲುಪಿತೆ, ಚಿಕ್ಕವನ ಖತ್ನಾ ಯಾವಾಗ, ಈ ರಂಜಾನಿಗೂ ಬರಲಾಗದು, ಮಳೆಗೆ ಗೋಡೆ ಬಿತ್ತು. ಒಳಗಿನ ಮಾತು ಉರ್ದುವಿನಲ್ಲಿ, ಅಂಚೆಯವನಿಗೆ ತಿಳಿಯಲೆಂದು ವಿಳಾಸ ಕನ್ನಡದಲ್ಲಿ. ಹೆಂಗಸರಿಗೆ ಬರೆದ ಕಾರ್ಡಿನ ಮೇಲೂ ಗಂಡನ ಅಥವಾ ಮಗನ ಹೆಸರು. ನಮ್ಮ ಭಾಷೆಗಳು ಹೇಗೆ ಕೂಡಿ ಬಾಳಿದವು, ನಮ್ಮ ಹೆಂಗಸರ ಹೆಸರು ಎಲ್ಲಿ ಮರೆಯಾಯಿತು ಎಂಬ ಎರಡು ದೊಡ್ಡ ಪ್ರಶ್ನೆಗಳಿಗೆ ಒಂದು ಅಗ್ಗದ ಕಾರ್ಡಿನಲ್ಲಿ ಸಾಕ್ಷಿ ಇದೆ. ನಡುವೆ ತೂತಿದ್ದರೆ ಮಾರುವವನು ಬೆಲೆ ಇಳಿಸುತ್ತಾನೆ. ನಮಗೆ ಆ ತೂತೂ ಸಾಕ್ಷಿಯೇ. ಓದಿ ಮುಗಿಸಿದ ಕಾಗದವನ್ನು ತಂತಿಯ ಕೊಕ್ಕೆಗೆ ಪೋಣಿಸಿ ಗೋಡೆಗೆ ತೂಗುಹಾಕಿದ್ದ ಮನೆ ಅದು.

ಒಮ್ಮೆ ಕಾಲೇಜು ಹುಡುಗಿಯೊಬ್ಬಳು ಟ್ರೇ ಒಂದನ್ನು ತಂದಳು. ತಾಯಿಯ ತಾಯಿಗೆ ಬಂದಿದ್ದ ನಾಲ್ಕು ಈದ್ ಕಾರ್ಡುಗಳನ್ನು ಅಂಟಿಸಿ ವಾರ್ನಿಷ್ ಬಳಿದ ಚೆಂದದ ಟ್ರೇ. ಕಳಿಸಿದವರು ಯಾರೆಂದು ಮನೆಯಲ್ಲಿ ಈಗ ತಿಳಿಯಬೇಕಿತ್ತು. ನೀರು ತಾಗಿಸಿ ಮೆಲ್ಲಗೆ ಎಬ್ಬಿಸಿದರೆ ಶಾಯಿಯೆಲ್ಲ ಅಂಟಿನೊಂದಿಗೆ ಹರಡಿ ನೀಲಿ ಮೋಡವಾಗಿತ್ತು. ಓದಲು ಸಿಕ್ಕಿದ್ದು ‘ಪ್ಯಾರಿ ಬೆಹನ್’ ಎಂಬ ಎರಡೇ ಶಬ್ದ. ಅಜ್ಜಿಗೆ ಒಬ್ಬ ಅಕ್ಕನೋ ತಂಗಿಯೋ ಇದ್ದಳೆಂಬುದೇ ಆ ಮನೆಗೆ ಹೊಸ ಸುದ್ದಿ. ಅವಳ ಹೆಸರು, ಊರು ಎರಡೂ ಹೋದವು.

ಇದನ್ನು ತಡೆಯಲು ದೊಡ್ಡ ಖರ್ಚೇನೂ ಬೇಕಿಲ್ಲ. ಕಾರ್ಡಿನ ಎರಡೂ ಬದಿಗಳ ಫೋಟೋ ತೆಗೆದಿಡಿ. ಕಲೆಗಾರಿಕೆಗೆ ಜೆರಾಕ್ಸ್ ಅಂಗಡಿಯ ಕಲರ್ ಪ್ರತಿ ಬಳಸಿ, ಅದನ್ನು ಹೇಗೆ ಬೇಕಾದರೂ ಕತ್ತರಿಸಿ. ಮೂಲವನ್ನೇ ಗೋಡೆಗೇರಿಸಬೇಕೆಂದರೆ ಮೂಲೆಗಳನ್ನಷ್ಟೇ ಹಿಡಿಯುವ ಕಾಗದದ ಕೊಂಡಿಗಳಲ್ಲಿ ಕೂರಿಸಿ, ಬಿಸಿಲು ಬೀಳದ ಕಡೆ ಇಡಿ. ಫೆವಿಕಾಲ್, ಸೆಲ್ಲೋಟೇಪ್, ಲ್ಯಾಮಿನೇಶನ್ ಮೂರೂ ಬೇಡ. ಎಲ್ಲಕ್ಕಿಂತ ಮೊದಲು, ಆ ಲಿಪಿ ಬಲ್ಲ ಹಿರಿಯರು ಮನೆಯಲ್ಲೋ ಮೊಹಲ್ಲಾದಲ್ಲೋ ಇದ್ದರೆ ಅವರ ಮುಂದೆ ಕುಳಿತು ಓದಿಸಿ, ಯಾರು ಯಾರಿಗೆ ಎಂದು ಬರೆದರೆಂಬುದನ್ನು ಬೇರೆ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕಾರ್ಡಿನ ಜೊತೆಗಿಡಿ. ಕಾರ್ಡು ಇನ್ನೂ ನೂರು ವರ್ಷ ಬಾಳೀತು. ಓದಿ ಹೇಳುವವರು ಅಷ್ಟು ಕಾಲ ಇರುವುದಿಲ್ಲ.

ನಮ್ಮ ಸಮುದಾಯದ ಚರಿತ್ರೆಯೆಂದರೆ ಸುಲ್ತಾನರು, ಕೋಟೆಗಳು, ಗುಂಬಝುಗಳು ಎಂದುಕೊಂಡವರೇ ಹೆಚ್ಚು. ಅವಕ್ಕೆ ಕಾವಲುಗಾರರಿದ್ದಾರೆ, ಸರಕಾರದ ಫಲಕವಿದೆ. ಮಳೆಗೆ ಬಿದ್ದ ಗೋಡೆಯ, ತಲುಪದ ಮನಿ ಆರ್ಡರಿನ, ಹೆಸರು ಅಳಿದ ಆ ಸಹೋದರಿಯ ಚರಿತ್ರೆಗೆ ಕಾವಲುಗಾರರು ಮನೆಯವರೇ.